ಒಂದನೇ ನಂಬರಿನ ಕೈ

ಪಟ್ಟಿಯ ಗುರುತೇ ಇರಬೇಕು. ಹನ್ನೊಂದು ವರ್ಷ ಒಂದೇ ಜಾಗದಲ್ಲಿ ವಾಚು ಕಟ್ಟಿದವನ ಮಣಿಕಟ್ಟು ಬೆಳ್ಳಗಾಗದೆ ಇನ್ನೇನಾದೀತು? ಬಿಸಿಲು ಬೀಳದ ಕಡೆ ಬಣ್ಣ ಇಳಿಯುತ್ತದೆ, ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಪಟ್ಟಿಯ ಗುರುತಾದರೆ ಅಂಚು ನೇರವಾಗಿರಬೇಕಲ್ಲ. ಇದರ ಅಂಚು ಹೆಬ್ಬೆರಳಿನ ಕಡೆಗೆ ಹರಿದಿದೆ, ನೆಲದ ಮೇಲೆ ಚೆಲ್ಲಿದ ಹಾಲಿನ ಹಾಗೆ. ಪಟ್ಟಿ ಸಡಿಲವಾಗಿತ್ತು, ಸರಿದಾಡುತ್ತಿತ್ತು, ಅದಕ್ಕೇ ಇರಬಹುದು. ವಾಚು ಬಿಚ್ಚಿ ಒಂದು ತಿಂಗಳು ಬಿಸಿಲಿಗೆ ಬಿಟ್ಟರೆ ಗೊತ್ತಾಗುತ್ತದೆ. ಗೊತ್ತಾಗುತ್ತದೆ ಎಂದೇ ಅವನು ಬಿಚ್ಚುತ್ತಿರಲಿಲ್ಲ. ಸ್ನಾನಕ್ಕೆ ಬಿಚ್ಚಿದಾಗ ಕಣ್ಣನ್ನು ಬೇರೆ ಕಡೆ ಇಟ್ಟುಕೊಳ್ಳುತ್ತಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎಂದು ಗಾದೆ ಮಾಡಿದವರು ವಾಚು ಕಟ್ಟುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತ ಅವನು ಕೆಲಸದ ಮನೆಯ ಮೆಟ್ಟಿಲು ಹತ್ತಿದಾಗ ಒಳಗೆ ಮಾವನ ದನಿ ಏರಿತ್ತು.

ಕೆಲಸದ ಮನೆ ಮಾವನದು, ಅವನ ತಾಯಿಯ ಅಣ್ಣನದು. ಹಿಂದೆ ಅಚ್ಚುಕೂಟವಾಗಿದ್ದ ಎರಡು ಕೋಣೆ, ಹಿಂದುಗಡೆ ತಗಡಿನ ಒಂದು ಶೆಡ್ಡು. ವೈದ್ಯಕೀಯ ಕಾಲೇಜುಗಳಿಗೆ, ನರ್ಸಿಂಗ್ ಶಾಲೆಗಳಿಗೆ ಬೇಕಾದ ದೇಹದ ಮಾದರಿಗಳನ್ನು ಅಲ್ಲಿ ಮಾಡುತ್ತಿದ್ದರು. ಕಿವಿ, ಕಣ್ಣು, ಮೂತ್ರಪಿಂಡಗಳನ್ನು ಬೇರೆ ಕಡೆಯೂ ಮಾಡುತ್ತಾರೆ. ಇವರಿಗೆ ಹೆಸರಿದ್ದದ್ದು ಚರ್ಮಕ್ಕೆ. ಒಂದು ಸೆಟ್ಟಿಗೆ ಎಂಟು ತುಂಡು. ಒಂದನೇ ನಂಬರು ಆರೋಗ್ಯವಂತ ಕೈ, ಮೊಣಕೈಯಿಂದ ಬೆರಳ ತುದಿಯವರೆಗೆ. ಎರಡು, ನೂರಾರು ಪಟ್ಟು ಹಿಗ್ಗಿಸಿದ ಚರ್ಮದ ತುಂಡು, ಕತ್ತರಿಸಿದ ಕೇಕಿನ ಹಾಗೆ ಪದರಗಳು ಕಾಣುವಂಥದ್ದು. ಮೂರರಿಂದ ಮುಂದಕ್ಕೆ ಹುಳುಕಡ್ಡಿ, ಕಜ್ಜಿ, ಇಸುಬು, ಸೋರಿಯಾಸಿಸ್, ಮೊಡವೆಯ ಮುಖ. ಎಂಟನೆಯದು ತೊನ್ನು. ಅಚ್ಚು ತೆಗೆಯುವ ಮುದುಕ, ಅಚ್ಚಿನಜ್ಜ ಎಂದೇ ಎಲ್ಲರೂ ಕರೆಯುವವನು, ಫೋನಿನಲ್ಲಿ ಗಿರಾಕಿಗಳಿಗೆ ಗಂಭೀರವಾಗಿ ಹೇಳುತ್ತಿದ್ದ: "ನಮ್ಮಲ್ಲಿ ಕಜ್ಜಿ ಮುಗಿದಿದೆ ಸಾರ್, ಇಸುಬು ಬೇಕಾದ್ರೆ ನಾಳೆನೇ ಕಳಿಸ್ತೀವಿ."

ಅಳಿಯ ವಿಜ್ಞಾನದ ಪದವಿ ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಬಂದವನು ಏಳು ವರ್ಷದಿಂದ ಅಲ್ಲೇ ಇದ್ದ. ಪ್ರತಿ ತುಂಡಿನ ಜೊತೆ ಹೋಗುವ ಕಾರ್ಡು ಬರೆಯುವುದು ಅವನ ಕೆಲಸ. ಅಚ್ಚಿನಜ್ಜ ಅವನನ್ನು ಪಂಡಿತ ಎನ್ನುತ್ತಿದ್ದ. ಮಾತಿಗೆ ಮಾತು ಕೊಡುವವನಲ್ಲವಾದ್ದರಿಂದ ಆ ಹೆಸರು ಅಂಟಿಕೊಂಡಿತು.

ಅವನಿಗೆ ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಓದು ಬೇಕಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ, ಕಿಟಕಿಯಿಂದ ನೆರಳಿಲ್ಲದ ಬೆಳಕು ಬೀಳುವಾಗ, ಚಿಕ್ಕಮ್ಮ "ಕೈ ಇಡು" ಎನ್ನುತ್ತಿದ್ದಳು. ಅವನು ತೋಳು ಮಡಚಿ, ವಾಚು ಬಿಚ್ಚಿ, ಬೆಂಚಿನ ಮೇಲೆ ಮಾದರಿ ಕೈಯ ಪಕ್ಕ ತನ್ನ ಕೈ ಇಡುತ್ತಿದ್ದ. ಅವಳು ಒಂದನ್ನು ನೋಡಿ ಇನ್ನೊಂದಕ್ಕೆ ಬಣ್ಣ ಕೂಡಿಸುತ್ತಿದ್ದಳು. ಈ ಏಳು ವರ್ಷದಲ್ಲಿ ಊರೂರಿಗೆ ಹೋದ ಆರೋಗ್ಯವಂತ ಕೈಗಳ ಬಣ್ಣವೆಲ್ಲ ಅವನದು.

ಚಿಕ್ಕಮ್ಮ ಎಂದರೆ ತಾಯಿಯ ತಂಗಿ, ಮಾವನಿಗೂ ತಂಗಿ. ಮೊದಲು ಅವಳು ತನ್ನ ಕೈಯನ್ನೇ ಪಕ್ಕದಲ್ಲಿಟ್ಟು ಬಣ್ಣ ಹೊಂದಿಸುತ್ತಿದ್ದಳಂತೆ. ಹದಿನಾರು ವರ್ಷದ ಹಿಂದೆ ಅವಳ ಬೆರಳ ತುದಿಗಳಲ್ಲಿ ಬಿಳಿ ಚುಕ್ಕೆ ಬಂತು. ಹರಡುತ್ತ ಮೊಣಕೈವರೆಗೆ ಹತ್ತಿತು. ಗಂಡನ ಮನೆಯವರು ಅವಳಿಗೆ ಬೇರೆ ತಟ್ಟೆ ಲೋಟ ಇಟ್ಟ ದಿನ ಅವಳು ಆ ತಟ್ಟೆ ಲೋಟವನ್ನೇ ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ಬಂದಳು. ಯಾರೂ ಕಳಿಸಲಿಲ್ಲ, ನಾನೇ ಬಂದೆ ಎನ್ನುತ್ತಾಳೆ. ಆ ತಟ್ಟೆಯಲ್ಲೇ ಈಗ ಬಣ್ಣ ಕಲಸುತ್ತಾಳೆ. ಸೆಟ್ಟಿನ ಎಂಟನೇ ನಂಬರಿಗೆ ಕೈ ಬೇಕಾದಾಗ ಅವಳೇ ತೋಳೇರಿಸಿ ಅಚ್ಚಿನಜ್ಜನ ಮುಂದೆ ಕೂತಳಂತೆ. ಹೊರಗೆ ಹುಡುಕೋದ್ಯಾಕೆ, ಮನೇಲೇ ಇದೆಯಲ್ಲ ಎಂದಳಂತೆ. ಮಾದರಿಯಾಗಿ ಅವಳ ಕೈ ಎಲ್ಲ ಕಾಲೇಜುಗಳಿಗೂ ಹೋಗಿತ್ತು. ಅವಳು ಮಾತ್ರ ಗಿರಾಕಿಗಳು ಬಂದಾಗ ಹಿಂದಿನ ಶೆಡ್ಡಿಗೆ ಹೋಗಬೇಕಿತ್ತು. ಅದು ಮಾವನ ನಿಯಮ. ನೋಡಿದವರು ಮಾದರಿ ಮುಟ್ಟೋಕೂ ಹಿಂಜರೀತಾರೆ ಎನ್ನುತ್ತಿದ್ದ. ಬೇರೆ ಎಲ್ಲದಕ್ಕೂ ಅಣ್ಣನಿಗೆ ಎದುರಾಡುವವಳು ಇದೊಂದಕ್ಕೆ ಸುಮ್ಮನೆ ಎದ್ದು ಹೋಗುತ್ತಿದ್ದಳು.

ಅವನು ಬಂದ ಹೊಸದರಲ್ಲಿ ಅವಳು ಎರಡನೇ ನಂಬರಿನ ತುಂಡನ್ನು ಅವನ ತೊಡೆಯ ಮೇಲಿಟ್ಟು ಪಾಠ ಮಾಡಿದ್ದಳು. ತೀರ ಮೇಲಿನ ಪದರ ಹೆಂಚು ಹೊದಿಸಿದ ಹಾಗಿದೆಯಲ್ಲ, ಅಲ್ಲಿರುವುದೆಲ್ಲ ಸತ್ತ ಕಣಗಳು. ಅದರ ಬುಡದಲ್ಲಿ ಹೊಸವು ಹುಟ್ಟುತ್ತವೆ, ಬಣ್ಣ ಮಾಡುವ ಕಣಗಳೂ ಅಲ್ಲೇ ಕೂತಿವೆ. ಕೆಳಗೆ ಒಳಚರ್ಮ: ರಕ್ತನಾಳ, ನರದ ತುದಿ, ಸುರುಳಿ ಸುತ್ತಿದ ಬೆವರಿನ ಗ್ರಂಥಿ, ಕೂದಲಿನ ಬೇರು, ಬೇರಿಗಂಟಿದ ಎಣ್ಣೆಯ ಚೀಲ. ಎಲ್ಲಕ್ಕಿಂತ ಕೆಳಗೆ ಹಳದಿ ಕೊಬ್ಬಿನ ಹಾಸಿಗೆ. "ನಾವು ಮುಖ ನೋಡಿ ಚಂದ ಅಂತೀವಲ್ಲ ಮಗಾ, ಮೇಲೆ ಕಾಣೋದೆಲ್ಲ ಸತ್ತಿರೋದು. ಬದುಕಿರೋದು ಕೆಳಗೆ," ಎಂದಿದ್ದಳು. "ತಿಂಗಳಿಗೊಂದು ಸಲ ಮೇಲಿನದೆಲ್ಲ ಉದುರಿ ಹೊಸದಾಗುತ್ತೆ. ಮನುಷ್ಯ ಮಾತ್ರ ಹಳಬನೇ."

ಅವಳು ಬಣ್ಣ ಹಾಕುವ ಕ್ರಮವೂ ಹಾಗೆಯೇ, ಕೆಳಗಿನಿಂದ ಮೇಲಕ್ಕೆ. ಮೊದಲು ನರಗಳ ನೀಲಿ, ರಕ್ತದ ಕೆಂಪು, ಅದರ ಮೇಲೆ ತೆಳು ಹಳದಿ, ಆಮೇಲೆ ನೀರಿನಂಥ ಕಂದು, ಏಳೆಂಟು ಸಲ. ಒಂದೊಂದು ಪದರ ಒಣಗಲು ಒಂದು ದಿನ. ಕೊನೆಗೆ ಸೂಜಿಯಿಂದ ಒಂದೊಂದೇ ಕೂದಲು ನೆಡುವುದು. ನಡುವೆ ತಪ್ಪಾದರೆ ಮೇಲೆ ಬಳಿದು ಮುಚ್ಚಲು ಬರುವುದಿಲ್ಲ. ಎಲ್ಲ ಕೆರೆದು ಮತ್ತೆ ಶುರು ಮಾಡಬೇಕು. ಮೇಲೆ ಬಳಿದರೆ ಅದು ಮೈಬಣ್ಣವಲ್ಲ, ಗೋಡೆಬಣ್ಣ ಎನ್ನುತ್ತಿದ್ದಳು. ಕಣ್ಣ ಮುಂದಿರುವುದನ್ನು ಇದ್ದ ಹಾಗೆ ಬರೆಯಬೇಕು, ತಿದ್ದಬಾರದು. ಇದು ಆ ಕೆಲಸದ ಮನೆಯ ಮೊದಲ ಪಾಠ, ಮಾವನೇ ಅವಳಿಗೆ ಕಲಿಸಿದ್ದು.

ಅದರಿಂದಲೇ ಈಗ ಜಗಳ ಹತ್ತಿತ್ತು. ದೊಡ್ಡ ಕಾಲೇಜೊಂದು ಹತ್ತು ಸೆಟ್ಟು ಕೇಳಿತ್ತು. ನೋಡಲೆಂದು ಒಂದು ಸೆಟ್ಟು ಮೊದಲು ಹೋಗಿತ್ತು. ಅಲ್ಲಿಂದ ಕಾಗದ ಬಂದಿದೆ: ಒಂದನೇ ನಂಬರಿನ ಮಣಿಕಟ್ಟಿನಲ್ಲಿ ಬಿಳಿಚಿದ ಗುರುತು ಇದೆ, ಗುರುವಾರ ಚರ್ಮದ ವಿಭಾಗದ ಡಾಕ್ಟರು ಖುದ್ದಾಗಿ ಬಂದು ನೋಡುತ್ತಾರೆ. ಮಾವ ಓಡಿಹೋಗಿ ಕೊಕ್ಕೆಗೆ ನೇತುಹಾಕಿದ್ದ ಉಳಿದ ಒಂಬತ್ತು ಕೈಗಳನ್ನು ನೋಡಿದ್ದ. ಒಂಬತ್ತರಲ್ಲೂ ಅದೇ ಗುರುತು, ಅದೇ ಜಾಗ. ರೋಗದ ತುಂಡುಗಳನ್ನು ಕಳಿಸುವ ಮೊದಲು ಮಾವ ದೀಪ ಹಿಡಿದು ನೋಡುತ್ತಿದ್ದ. ಆರೋಗ್ಯವನ್ನು ಯಾರು ನೋಡುತ್ತಾರೆ?

"ವಾಚಿನ ಪಟ್ಟಿ ಗುರುತನ್ನೂ ಬರೆದಿದ್ದಾಳೆ ಮಹಾತಾಯಿ," ಎಂದು ಮಾವ ಅವನನ್ನು ಕಂಡೊಡನೆ ಹೇಳಿದ. "ಇವನ ಕೈ ಮುಂದಿಟ್ಟರೆ ಇವನ ವಾಚಿನ ಗುರುತೂ ಬರಬೇಕಾ?"

"ಕೈ ಮೇಲೆ ನೊಣ ಕೂತಿದ್ರೆ ನೊಣಾನೂ ಬರೀತಿದ್ಲು," ಎಂದ ಅಚ್ಚಿನಜ್ಜ. "ಪುಣ್ಯ, ಆವತ್ತು ಪಂಡಿತ ಸ್ನಾನ ಮಾಡಿ ಬಂದಿದ್ದ."

ಅವನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತ. ಆ ಕೈಗಳ ಬಣ್ಣ ಹೊಂದಿಸಿದ್ದು ಆರು ತಿಂಗಳ ಹಿಂದೆ. ಆಗಿನ್ನೂ ಅವನು ವಾಚು ಬಿಚ್ಚಿ ಕೈ ಇಡುತ್ತಿದ್ದ. ಅದಾದ ಮೇಲೆ ಬಕಲ್ಲು ತುಕ್ಕು ಹಿಡಿದು ಬಿಚ್ಚಲಾಗುತ್ತಿಲ್ಲ ಎಂದು ಸುಳ್ಳು ಹೇಳಿ ವಾಚಿನ ಸಮೇತ ಇಡತೊಡಗಿದ. ಚಿಕ್ಕಮ್ಮ ಆ ಬಕಲ್ಲನ್ನು ಒಂದು ಸಲ ನೋಡಿ, ಸರಿ ಬಿಡು ಎಂದಿದ್ದಳು. ಬಕಲ್ಲು ಥಳಥಳ ಹೊಳೆಯುತ್ತಿತ್ತು.

ಗುರುವಾರದೊಳಗೆ ಒಂಬತ್ತನ್ನೂ ಮುಚ್ಚಿಕೊಡು ಎಂದ ಮಾವ. ಮುಚ್ಚೋಕೆ ಬರಲ್ಲ, ಕೆರೆದು ಹೊಸದಾಗಿ ಬರೆಯೋಕೆ ಎರಡು ವಾರ ಬೇಕು, ಬರೆದರೂ ಹೀಗೇ ಬರೀತೀನಿ ಎಂದಳು ಚಿಕ್ಕಮ್ಮ. ಕೊನೆಯ ಮಾತಿಗೆ ಮಾವ ತಬ್ಬಿಬ್ಬಾದ. ಹಟ ಯಾಕೆ ಎಂದು ಕೇಳಿದ. ಅವಳು ಬ್ರಷ್ಷು ತೊಳೆಯುತ್ತ ಕೂತಳು. ಎಮ್ಮೆ ಚರ್ಮ ನಿನ್ನದು ಎಂದು ಮಾವ ರೇಗಿದ. "ಹೂಂ, ಅದನ್ನೊಂದು ಒಂಬತ್ತನೇ ನಂಬರು ಮಾಡಿಬಿಡಣ್ಣ," ಎಂದಳು.

ಆಗ ಮಾವ ತೀರ್ಮಾನ ಹೇಳಿದ, ದನಿ ತಗ್ಗಿಸಿ. ಡಾಕ್ಟರು ಈ ಕೈ ಬೇಡ ಅಂದರೆ ಮುಂದಿನ ತಿಂಗಳಿಂದ ಹೊರಚರ್ಮದ ಕೆಲಸ ಅವಳಿಗಿಲ್ಲ. ಕಾರಿಗೆ ಸ್ಪ್ರೇ ಹೊಡೆಯುವ ಗ್ಯಾರೇಜಿನವನ ಹತ್ತಿರ ಮಾತಾಡಿದ್ದೇನೆ, ಒಂದೇ ಬಣ್ಣ ಸಮವಾಗಿ ಕೂರುತ್ತೆ, ಗುರುತಿಲ್ಲ, ತಕರಾರಿಲ್ಲ. ನೀನು ಶೆಡ್ಡಲ್ಲಿ ಕೂತು ಒಳಗಿನದನ್ನು ಮಾಡು: ಕೊಬ್ಬು, ಬೆವರುಗ್ರಂಥಿ, ಕೂದಲಿನ ಬೇರು.

ಬ್ರಷ್ಷು ತೊಳೆಯುತ್ತಿದ್ದ ಕೈ ಒಂದು ಕ್ಷಣ ನಿಂತಿತು. ಇಪ್ಪತ್ತೆರಡು ವರ್ಷದಿಂದ ಅವಳು ಬರೆದದ್ದು ಹೊರಚರ್ಮ. ಅದು ಹೋದರೆ ಅವಳಿಗೆ ಉಳಿಯುವುದು ಏನು ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಚಿಕ್ಕಮ್ಮ ಬರೆದದ್ದು ವಾಚಿನ ಗುರುತಲ್ಲ, ನನ್ನ ಕೈಯಲ್ಲಿದ್ದದ್ದನ್ನೇ ಬರೆದಿದ್ದಾಳೆ ಎಂದು ಅವನು ಹೇಳಬಹುದಿತ್ತು. ಅವನು ಕಾರ್ಡುಗಳ ಕಟ್ಟು ಬಿಚ್ಚಿದ.

ಬುಧವಾರ ಮಾವ ತಾನೇ ಬ್ರಷ್ಷು ಹಿಡಿದ. ಕೊಕ್ಕೆಯಿಂದ ಒಂದು ಕೈ ಇಳಿಸಿ, ಕಂದು ಬಣ್ಣ ಕಲಸಿ, ಬಿಳಿ ಗುರುತಿನ ಮೇಲೆ ಬಳಿದ. ಒಣಗಿದಾಗ ಮಣಿಕಟ್ಟಿಗೆ ಪ್ಲಾಸ್ಟರು ಅಂಟಿಸಿದ ಹಾಗೆ ಕಾಣುತ್ತಿತ್ತು. ಅದರ ಅಂಚು ಮುಚ್ಚಲು ಇನ್ನಷ್ಟು ಬಳಿದ. ಸಂಜೆಯ ಹೊತ್ತಿಗೆ ಅದು ಮೊಣಕೈಗೆ ಬಂದಿತ್ತು. ಅಚ್ಚಿನಜ್ಜ ಕೆಮ್ಮುವ ನೆಪದಲ್ಲಿ ಹೊರಗೆ ಹೋಗಿ ನಕ್ಕು ಬಂದ. ಚಿಕ್ಕಮ್ಮ ನಗಲಿಲ್ಲ. ಆ ಕೈಯನ್ನು ಎತ್ತಿ ಅದರ ಕೊಕ್ಕೆಗೇ ಹಾಕಿ, ಈಗ ಇದಕ್ಕೆ ನಿಜವಾಗಿ ಕಾಯಿಲೆ ಬಂತು ಎಂದಳು.

ಗುರುವಾರ ಅವಳು ಶೆಡ್ಡಿಗೆ ಹೋಗಲಿಲ್ಲ. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ತನ್ನ ಬೆಂಚಿನಲ್ಲಿ, ತೋಳನ್ನು ಮೊಣಕೈ ಮೇಲಕ್ಕೆ ಮಡಚಿ ಕೂತಳು. ಮಾವ ಬಾಗಿಲಿಗೂ ಬೆಂಚಿಗೂ ನಾಲ್ಕು ಸಲ ಓಡಾಡಿದ. ಕಣ್ಣಲ್ಲೇ ಬೇಡಿಕೊಂಡ. "ಇವತ್ತು ಏಳಲ್ಲಣ್ಣ," ಎಂದಳು ಅವಳು, ತಲೆಯೆತ್ತದೆ.

ಡಾಕ್ಟರು ಕುಳ್ಳಗಿನ ಹೆಂಗಸು, ಐವತ್ತು ದಾಟಿದವರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕೈಗಳ ಸಾಲಿನ ಮುಂದೆ ನಡೆಯುತ್ತ ಒಂದೊಂದನ್ನೂ ಬೆರಳಿನ ಹಿಂಬದಿಯಿಂದ ಮುಟ್ಟಿದರು, ಜ್ವರ ನೋಡುವವರ ಹಾಗೆ. ಮಾವ ಬಣ್ಣ ಬಳಿದ ಕೈ ಬಂದಾಗ ನಿಂತು, ಕನ್ನಡಕ ಸರಿಮಾಡಿಕೊಂಡು, ಇದು ಯಾವ ಕಾಯಿಲೆ, ನಾನು ನೋಡಿಲ್ಲವಲ್ಲ ಎಂದರು.

"ಅದು ಯಜಮಾನರ ಕಾಯಿಲೆ ಮೇಡಂ," ಎಂದ ಅಚ್ಚಿನಜ್ಜ.

ಅವರು ನಗದೆ ಮುಂದಿನ ಕೈಯನ್ನು ಕೊಕ್ಕೆಯಿಂದ ಇಳಿಸಿ ಕಿಟಕಿಗೆ ತಂದರು. ಚೀಲದಿಂದ ಭೂತಗನ್ನಡಿ ತೆಗೆದು ಮಣಿಕಟ್ಟಿನ ಮೇಲೆ ಹಿಡಿದರು. ಬಹಳ ಹೊತ್ತು ನೋಡಿದರು. ವಾಚಿನ ಪಟ್ಟಿಯ ಗುರುತು ಮೇಡಂ, ಕೆಲಸದವರ ಕಣ್ತಪ್ಪು ಎಂದು ಮಾವ ಹಿಂದೆ ನಿಂತು ಹೇಳುತ್ತಲೇ ಇದ್ದ.

"ಇಲ್ಲಿ ಎರಡು ಕೂದಲು ಬಿಳಿ ಇದೆ," ಎಂದರು ಡಾಕ್ಟರು. "ಇದೂ ಕಣ್ತಪ್ಪಾ?"

"ಅಲ್ಲ," ಎಂದಳು ಚಿಕ್ಕಮ್ಮ ಬೆಂಚಿನಿಂದ. "ಎರಡನ್ನೂ ಹುಡುಕಿ ನೆಟ್ಟಿದ್ದು ನಾನು."

ಬಿಳಿ ಕೂದಲು. ಅವನಿಗೆ ತಿಳಿದಿರಲಿಲ್ಲ. ಕಣ್ಣು ಬೇರೆ ಕಡೆ ಇಟ್ಟುಕೊಂಡವನಿಗೆ ಹೇಗೆ ತಿಳಿದೀತು? ವಾಚಿನ ಕೆಳಗೆ ಚರ್ಮ ಬೆವರಿತು, ಬೆವರು ತುರಿಸಿತು. ಅವಳಿಗೆ ಆರು ತಿಂಗಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದಳು.

ಡಾಕ್ಟರು ಅವಳ ಕಡೆ ತಿರುಗಿದರು. ಅವಳ ಕೈಗಳನ್ನು ನೋಡಿದರು, ಮುಖ ನೋಡಿದರು. ಮಾವ ಕಣ್ಣು ಮುಚ್ಚಿಕೊಂಡ. ಡಾಕ್ಟರು ಮಾತ್ರ ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕೂತರು.

"ಪಟ್ಟಿ ಉಜ್ಜಿದ್ರೆ ಕೂದಲು ಬಿಳಿ ಆಗಲ್ಲ. ಇದು ಶುರು. ನಮ್ಮ ಹತ್ತಿರ ಬರೋರು ಅರ್ಧ ಕೈ ಬೆಳ್ಳಗಾದ ಮೇಲೆ ಬರ್ತಾರೆ, ಅಲ್ಲೀವರೆಗೆ ಮುಚ್ಚಿಟ್ಟಿರ್ತಾರೆ. ಶುರು ಹೇಗಿರುತ್ತೆ ಅಂತ ನಮ್ಮ ಹುಡುಗರಿಗೆ ತೋರಿಸೋಕೇ ಸಿಗಲ್ಲ. ಯಾರನ್ನ ನೋಡಿ ಬರೆದ್ರಿ ಇದನ್ನ?"

ಮಾವ ಕಣ್ಣು ಬಿಟ್ಟು ನೇರವಾಗಿ ಅವನ ಮಣಿಕಟ್ಟನ್ನು ನೋಡಿದ. ಅಚ್ಚಿನಜ್ಜ ನೆಲ ನೋಡಿದ. ಅಳಿಯನ ಬಾಯಿ ತೆರೆದದ್ದು ನಿಜ. ಗಾಳಿಯೂ ಒಳಗೆ ಹೋಯಿತು.

"ನನ್ನನ್ನೇ," ಎಂದಳು ಚಿಕ್ಕಮ್ಮ. "ಹದಿನಾರು ವರ್ಷದ ಹಿಂದಿನ ನನ್ನ ಕೈ. ನನಗೂ ಇಲ್ಲೇ, ಮಣಿಕಟ್ಟಲ್ಲೇ ಶುರುವಾಗಿದ್ದು. ಆಗ ಯಾರೂ ಅಚ್ಚು ತೆಗೀಲಿಲ್ಲ. ನೆನಪಿಂದ ಬರೆದೆ."

ಬೆರಳ ತುದಿಯಲ್ಲಿ ಶುರುವಾದದ್ದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಮಾವ ಬಾಯಿ ಬಿಡಲಿಲ್ಲ. ಅವಳು ಡಾಕ್ಟರ ಮೇಲೆ ಇಟ್ಟ ದೃಷ್ಟಿ ಕದಲಿಸಲಿಲ್ಲ. ಅವನ ಒಳಗೆ ಹೋಗಿದ್ದ ಗಾಳಿ ಮಾತಾಗದೆ ಹೊರಗೆ ಬಂತು.

ಡಾಕ್ಟರು ತಲೆದೂಗಿದರು. ಬಹಳ ಒಳ್ಳೆಯ ಕೆಲಸ, ಇದನ್ನು ನಾವು ತೆಗೆದುಕೊಳ್ಳುತ್ತೇವೆ ಎಂದರು. ಎಂಟನೇ ನಂಬರಿನ ಪಕ್ಕದಲ್ಲಿಡೋಣ, ಶುರು ಒಂದು, ಹರಡಿದ್ದು ಒಂದು. ಒಂದನೇ ನಂಬರಿಗೆ ಬೇರೆ ಕೈ ಮಾಡಿಕೊಡಿ, ಗುರುತಿಲ್ಲದ್ದು. ಮಾವನ ಮುಖ ಹೊತ್ತಿಸಿದ ದೀಪದ ಹಾಗಾಯಿತು. ಖಂಡಿತ ಮೇಡಂ, ಎರಡು ವಾರ ಕೊಡಿ ಎಂದ.

"ಇಲ್ಲ," ಎಂದಳು ಚಿಕ್ಕಮ್ಮ.

ಮಾವ ಅವಳ ಹೆಗಲ ಮೇಲೆ ಕೈ ಇಟ್ಟ. ಅವಳು ಕೈ ಸರಿಸಿದಳು. ಇದು ಒಂದನೇ ನಂಬರಾಗಿಯೇ ಹೋಗಬೇಕು, ಇಲ್ಲದಿದ್ದರೆ ಹೋಗುವುದು ಬೇಡ ಎಂದಳು. ಗೆದ್ದ ಮೇಲೂ ಜಗಳ ಮುಂದುವರಿಸುವವರನ್ನು ನೋಡುವ ಹಾಗೆ ಎಲ್ಲರೂ ಅವಳನ್ನು ನೋಡಿದರು.

"ಮೇಡಂ, ಎರಡನೇ ನಂಬರು ಇಟ್ಕೊಂಡು ಹುಡುಗರಿಗೆ ಪಾಠ ಮಾಡ್ತೀರಲ್ಲ. ಚರ್ಮದ ಕೆಲಸ ಏನು ಅಂತ ಹೇಳ್ತೀರಿ?"

ಪರೀಕ್ಷೆಗೆ ಕೂರಿಸಿದರೆಂದು ಡಾಕ್ಟರಿಗೆ ಮೊದಲ ಸಲ ನಗು ಬಂತು. "ಹೊರಗಿನದನ್ನ ಒಳಗೆ ಬಿಡಲ್ಲ. ಒಳಗಿನ ನೀರನ್ನ ಹೊರಗೆ ಬಿಡಲ್ಲ. ಮೈ ಬಿಸಿನ ಹಿಡಿತದಲ್ಲಿಡುತ್ತೆ. ಮುಟ್ಟಿದ್ದು, ನೋವು, ತಣ್ಣಗೆ, ಬಿಸಿ ತಿಳಿಸುತ್ತೆ. ಬಿಸಿಲು ತಡೆಯುತ್ತೆ."

ಚಿಕ್ಕಮ್ಮ ತನ್ನ ಬಿಳಿ ಕೈ ಚಾಚಿ ಬೆಂಚಿನ ಮೇಲಿಟ್ಟಳು, ದಿನಾ ಹತ್ತು ಗಂಟೆಗೆ ಅವನು ಇಡುವ ಜಾಗದಲ್ಲಿ.

"ಕೊನೇದೊಂದು ಬಿಟ್ಟು ಇದು ಎಲ್ಲಾನೂ ಮಾಡುತ್ತೆ. ಬೆವರುತ್ತೆ. ಚಳಿಗೆ ಮುಳ್ಳೇಳುತ್ತೆ. ಬ್ಲೇಡು ತಾಗಿದ್ರೆ ರಕ್ತ ಬರುತ್ತೆ, ತಾನೇ ಕೂಡ್ಕೊಳ್ಳುತ್ತೆ. ನಿಮ್ಮ ಎಂಟೂ ನಂಬರಿಗೆ ಬಣ್ಣ ಹಾಕಿದ್ದು ಇದೇ. ಆರೋಗ್ಯ ಅಂದ್ರೆ ಇನ್ನೇನು ಬೇಕು ಮೇಡಂ?"

"ಬಿಸಿಲಿಗೆ ಬೇಗ ಸುಡುತ್ತೆ. ಅದು ಸಣ್ಣ ವಿಷಯ ಅಲ್ಲ."

"ಬಿಸಿಲಲ್ಲಿ ತೋಳು ಮುಚ್ಕೋತೀನಿ. ಗಿರಾಕಿ ಮುಂದೆ ಮುಚ್ಕೊಳ್ಳಲ್ಲ."

ಇದು ಅಣ್ಣನಿಗೆ ಹೇಳಿದ್ದೆಂದು ಅಣ್ಣನಿಗೂ ಗೊತ್ತಾಯಿತು. ಡಾಕ್ಟರು ಬಿಡಲಿಲ್ಲ. ಎಂಟನೆಯದನ್ನು ಕಾಯಿಲೆ ಎಂದು ಕೊಟ್ಟವರು ನೀವೇ ಅಲ್ಲವೇ, ಈಗ ಅದೇ ಆರೋಗ್ಯ ಅಂದರೆ ಹೇಗೆ ಎಂದು ಕೇಳಿದರು. ಅವಳಿಗೆ ಅದಕ್ಕೂ ಮಾತಿತ್ತು.

"ಎಂಟು ಇರಲಿ. ತೊನ್ನು ಯಾಕೆ ಬರುತ್ತೆ, ಏನು ಔಷಧಿ, ಮುಟ್ಟಿದ್ರೆ ಅಂಟಲ್ಲ ಅನ್ನೋದು, ಎಲ್ಲ ಅಲ್ಲಿ ಕಲೀಲಿ. ಆದ್ರೆ ನಿಮ್ಮ ಹುಡುಗರು ಮೊದಲು ಕೈಗೆತ್ಕೊಳ್ಳೋದು ಒಂದನೇದು. ಮನುಷ್ಯರ ಕೈ ಅಂದ್ರೆ ಹೀಗಿರುತ್ತೆ ಅಂತ ಅದನ್ನ ನೋಡಿ ಕಲೀತಾರೆ. ಇಪ್ಪತ್ತೆರಡು ವರ್ಷ ನಾನೇ ಅವರಿಗೆ ಸುಳ್ಳು ಕಲಿಸಿದ್ದೀನಿ. ಅಂಥ ಕೈ ಎಲ್ಲೂ ಇಲ್ಲ ಮೇಡಂ. ಯಾವ ಕೈಯಲ್ಲೂ ಏನಾದ್ರೂ ಒಂದು ಇರುತ್ತೆ."

ಡಾಕ್ಟರು ತಮ್ಮ ಕೈಯನ್ನು ತಾವೇ ನೋಡಿಕೊಂಡರು. ತೋರುಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ ಇತ್ತು. ಆಮೇಲೆ ಒಂದನೇ ನಂಬರಿನ ಕಾರ್ಡು ಕೊಡಿ ಎಂದರು.

ಅವನು ತಂದುಕೊಟ್ಟ. ಅವರು ಓದಲಿಲ್ಲ, ನೀವೇ ಓದಿ ಎಂದರು. ತಾನೇ ಏಳು ವರ್ಷದ ಹಿಂದೆ ಪುಸ್ತಕ ನೋಡಿ ಬರೆದದ್ದನ್ನು ಅವನು ಗಟ್ಟಿಯಾಗಿ ಓದಿದ: "ಆರೋಗ್ಯವಂತ ಚರ್ಮ. ಕಲೆಯಿಲ್ಲದ, ಸಮಬಣ್ಣದ, ನಯವಾದ, ಒಣಗಿರದ ಚರ್ಮ. ಮುಟ್ಟಿದರೆ ಬೆಚ್ಚಗಿರುತ್ತದೆ."

"ಕಾರ್ಡು ಹೀಗೇ ಇದ್ರೆ ಕೈ ತಪ್ಪು. ಕೈ ಹೀಗೇ ಇದ್ರೆ ಕಾರ್ಡು ತಪ್ಪು," ಎಂದರು ಡಾಕ್ಟರು. "ಯಾವುದನ್ನ ತಿದ್ದಬೇಕು? ಬರೆದವರು ನೀವು, ನೀವೇ ಹೇಳಿ."

ಚಿಕ್ಕಮ್ಮ ಅವನನ್ನು ನೋಡಲಿಲ್ಲ. ಬ್ರಷ್ಷಿನ ಕೂದಲುಗಳನ್ನು ಬೆರಳಿನಲ್ಲಿ ನೇರ ಮಾಡುತ್ತಿದ್ದಳು. ಅವನು ನಾಲ್ಕು ಹೆಜ್ಜೆ ನಡೆದು ತನ್ನ ಮೇಜಿನಿಂದ ಪೆನ್ನು ತಂದ. ಕಾರ್ಡನ್ನು ಬೆಂಚಿನ ಮೇಲೆ, ಅವಳ ಕೈಯ ಪಕ್ಕದಲ್ಲಿಟ್ಟು, ‘ಕಲೆಯಿಲ್ಲದ, ಸಮಬಣ್ಣದ’ ಎಂಬ ಎರಡು ಪದಗಳ ಮೇಲೆ ಗೆರೆ ಎಳೆದ. ಕಾಗದ ಹರಿಯುವಷ್ಟು ಒತ್ತಿ ಎಳೆದ. ಕಟ್ಟಿನಲ್ಲಿ ಇನ್ನೂ ಒಂಬತ್ತು ಕಾರ್ಡುಗಳಿದ್ದವು. ಯಾರೂ ಹೇಳಿರಲಿಲ್ಲ, ಅವನು ಒಂಬತ್ತರಲ್ಲೂ ಎಳೆದ. ಕೊನೆಯದಕ್ಕೆ ಬರುವ ಹೊತ್ತಿಗೆ ವಾಚಿನ ಪಟ್ಟಿ ಬೆಂಚಿನ ಅಂಚಿಗೆ ತಾಗಿ ತಾಗಿ ಸದ್ದು ಮಾಡುತ್ತಿತ್ತು.

ಡಾಕ್ಟರು ಒಂದು ಕಾರ್ಡು ಎತ್ತಿ ನೋಡಿದರು. ಹುಡುಗರು ಇದೇನು ಅಂತ ಕೇಳುತ್ತಾರೆ ಎಂದರು. ಕಾರ್ಡನ್ನು ಕಟ್ಟಿನ ಮೇಲೆ ವಾಪಸಿಟ್ಟು, ಕೇಳಲಿ ಎಂದರು. ಉಳಿದ ಸೆಟ್ಟುಗಳನ್ನು ಹೀಗೇ ಕಳಿಸಿ, ಯಜಮಾನರ ಕಾಯಿಲೆಯದೊಂದು ಬಿಟ್ಟು. ಅದರ ಬದಲಿನದನ್ನು ನಿಧಾನವಾಗಿ ಮಾಡಿ, ಆದರೆ ಈ ಅಮ್ಮನೇ ಮಾಡಲಿ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತಿದ್ದ ಅವನ ಹತ್ತಿರ ಒಂದು ಕ್ಷಣ ನಿಧಾನಿಸಿದರು. ಪಟ್ಟಿಯ ಕೆಳಗೆ ಬೆವರು ನಿಂತರೆ ಒಳ್ಳೆಯದಲ್ಲ, ಆಗಾಗ ಬಿಚ್ಚಿ ಗಾಳಿ ಆಡಿಸಿ, ನನ್ನ ಕೋಣೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಎಂದರು. ಅವರ ಕಣ್ಣು ಅವನ ಮುಖದ ಮೇಲೇ ಇತ್ತು, ಕೈಯ ಕಡೆ ಹೋಗಲಿಲ್ಲ.

ಮಾವ ಆ ಮಧ್ಯಾಹ್ನ ಗ್ಯಾರೇಜಿನವನಿಗೆ ಫೋನು ಮಾಡಿ ಬರುವುದು ಬೇಡ ಎಂದ. ತಂಗಿಗೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ; ಅವಳಿಗೆ ಕೇಳಲಿ ಎಂದು ಫೋನಿನಲ್ಲಿ ಜೋರಾಗಿ ಮಾತಾಡಿದ. ಅವಳು ಅಣ್ಣನಿಗೆ ಚಹಾ ತಂದುಕೊಟ್ಟಳು, ಬಿಳಿ ಕೈಯಲ್ಲಿ, ಲೋಟದ ಕಂಠ ಹಿಡಿದು. ಅವನು ಕುಡಿದ. ಆಮೇಲೆ ಅಳಿಯನ ಹತ್ತಿರ ಬಂದು, ಅದು ನಿಂದೇನಾ ಎಂದು ಮೆಲ್ಲಗೆ ಕೇಳಿದ. ಅಳಿಯ ಕಾರ್ಡುಗಳನ್ನು ಜೋಡಿಸುತ್ತಿದ್ದ. ಅವನು ಜೋಡಿಸುತ್ತಲೇ ಹೋದ, ಮಾವ ಎರಡನೇ ಸಲ ಕೇಳಲಿಲ್ಲ.

ಮರುದಿನ ಬಸ್ಸಿನಲ್ಲಿ ಅವನು ಮೇಲಿನ ಕಂಬಿ ಹಿಡಿದು ನಿಂತಿದ್ದ. ವಾಚು ಜೇಬಿನಲ್ಲಿತ್ತು. ಎದುರಿಗೆ ಕೂತ ಹೆಂಗಸು ಅವನ ಮಣಿಕಟ್ಟನ್ನು ನೋಡಿದಳು, ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಅವನು ಇನ್ನೊಂದು ಕೈಗೆ ಬದಲಾಯಿಸಲಿಲ್ಲ. ಏಳು ನಿಲ್ದಾಣಗಳವರೆಗೂ ಅದೇ ಕೈಯಲ್ಲಿ ಹಿಡಿದುಕೊಂಡು ಬಂದ, ತೋಳು ಜೋಮು ಹಿಡಿಯುವ ತನಕ.

ಹತ್ತು ಗಂಟೆಗೆ ಚಿಕ್ಕಮ್ಮ "ಕೈ ಇಡು" ಎಂದಳು. ಅವನು ಇಟ್ಟ. ಅವಳು ಬರಿಯ ಮಣಿಕಟ್ಟನ್ನು ನೋಡಿದಳು, ಬಕಲ್ಲಿನ ತುಕ್ಕು ಬಿಟ್ಟಿತಾ ಎಂದು ಕೇಳಲಿಲ್ಲ. ಬೆಳಕಿಗೆ ಅವನ ಕೈಯನ್ನು ಸ್ವಲ್ಪ ಹೊರಳಿಸಿ, ಹತ್ತಿರ ಬಾಗಿದಳು.

"ಮೂರಾಗಿದೆ," ಎಂದಳು. ಕೂದಲಿನ ಡಬ್ಬಿಯಿಂದ ಮೂರು ಬಿಳಿ ಎಳೆ ಆರಿಸಿ ತೆಗೆದು, ಸೂಜಿಯ ಪಕ್ಕದಲ್ಲಿಟ್ಟುಕೊಂಡು, ಆ ತಟ್ಟೆಯಲ್ಲಿ ಬಣ್ಣ ಕಲಸತೊಡಗಿದಳು.

ಡಾಕ್ಟರು ಕೇಳಿದಾಗ, ಅದು ನನ್ನ ಕೈ ಎಂದು ಅವನು ಹೇಳಲಿಲ್ಲ. ಆಮೇಲೆಯೂ, ಯಾರಿಗೂ, ಎಂದೂ ಹೇಳಲಿಲ್ಲ.